ಲೆಫ್ಟ್ ಬಿಹೈಂಡ್ ಹನ್ನೆರಡೂ ಓದಬೇಕಾ, ನಡುವೆ ಎಲ್ಲಾದ್ರೂ ಹಾರಿಸಬಹುದಾ?

ಸಾಗರದ ಓದುಗ:
ಲೆಫ್ಟ್ ಬಿಹೈಂಡ್ ಸರಣಿ ಪೂರ್ತಿ ಓದಿದವರು ಯಾರಾದ್ರೂ ಇದ್ದೀರಾ? ಅದೇ, ಕ್ರಿಸ್ತನನ್ನ ನಂಬಿದವರು ಒಮ್ಮೆಲೇ ಮಾಯವಾಗಿ, ಉಳಿದವರು ಏಳು ವರ್ಷ ಸಂಕಟ ಪಡೋ ಇಂಗ್ಲಿಷ್ ಕಾದಂಬರಿಗಳು. ನಮ್ಮ ಚರ್ಚಿನ ಯುವಕರ ಗುಂಪು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗೆ ಹೊರಗೆ ಕಾಲಿಡೋಕೆ ಆಗದ ದಿನಗಳಲ್ಲಿ, ಇದನ್ನ ಓದಿ ಚರ್ಚೆ ಮಾಡೋಣ ಅಂತಿದೆ. ಹೆಚ್ಚಿನವರು ಪಿಯುಸಿ, ಡಿಗ್ರಿಯವರು, ಇಂಗ್ಲಿಷ್ ಮಧ್ಯಮ ಮಟ್ಟ. ಒಬ್ಬರು 12 ಪುಸ್ತಕ ಅಂತಾರೆ, ಇನ್ನೊಬ್ಬರು 16, ಮತ್ತೊಬ್ಬರು 40! ಯಾವುದು ಸರಿ? ಎಲ್ಲಿಂದ ಶುರು ಮಾಡಬೇಕು? ಇಬ್ಬರು ಕ್ಯಾಥೊಲಿಕ್ ಸ್ನೇಹಿತರೂ ಬರ್ತಾರೆ, ಅವರಿಗೆ ಮುಜುಗರ ಆಗುವಂಥದ್ದು ಏನಾದ್ರೂ ಇದೆಯಾ?

ತುಂಗಾತೀರ:
ಮೂರೂ ಸರಿ ಮಾರಾಯ್ರೆ, ಎಣಿಸೋ ರೀತಿ ಬೇರೆ ಅಷ್ಟೆ. ಮೂಲ ಕಥೆ 12 ಸಂಪುಟ. ಮೊದಲನೆಯದು 1995ರಲ್ಲಿ ಬಂತು, ಹನ್ನೆರಡನೆಯದು 2004ರಲ್ಲಿ. ಆಮೇಲೆ 2005-06ರಲ್ಲಿ, ಕಥೆ ಶುರುವಾಗೋಕೆ ಮುಂಚೆ ಏನಾಯ್ತು ಅನ್ನೋ ಮೂರು ಪುಸ್ತಕ ಬಂದವು. 2007ರಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಬಗ್ಗೆ ಕೊನೆಯದೊಂದು. ಒಟ್ಟು 16. ನಲವತ್ತು ಅಂದರೆ ಮಕ್ಕಳಿಗಾಗಿ ಬರೆದ ಬೇರೆ ಸರಣಿ, ಎಲ್ಲ ತೆಳ್ಳಗಿನ ಪುಸ್ತಕಗಳು.

ಹಳೇ ಪುಸ್ತಕ ಕೊಳ್ಳುವಾಗ ಎಡವೋದು ಇಲ್ಲೇ. ಮುಖಪುಟದಲ್ಲಿ 'ಲೆಫ್ಟ್ ಬಿಹೈಂಡ್' ಅಂತ ದೊಡ್ಡದಾಗಿ ಇರುತ್ತೆ, ಮನೆಗೆ ತಂದ ಮೇಲೆ ನೋಡಿದರೆ ಮಕ್ಕಳ ಸರಣಿಯ ಯಾವುದೋ ನಡುವಿನ ಭಾಗ. ದೊಡ್ಡವರದ್ದು ಒಂದೊಂದೂ ಸುಮಾರು 400 ಪುಟ, ದಪ್ಪ ನೋಡಿದರೇ ಗೊತ್ತಾಗುತ್ತೆ.

ಬಂದ ಕ್ರಮದಲ್ಲೇ ಓದಿ. ಕಾಲಕ್ರಮ ಅಂತ ಆ ಮೂರು ಹಿಂದಿನ ಕಥೆಗಳಿಂದ ಶುರು ಮಾಡಬೇಡಿ. ಮೊದಲ ಸಂಪುಟದ ಬಿಗಿ ಇರೋದೇ ಓದುಗನಿಗೂ ಪಾತ್ರಗಳಷ್ಟೇ ಗೊತ್ತಿರೋದರಲ್ಲಿ. ಅಟ್ಲಾಂಟಿಕ್ ಮೇಲೆ ಲಂಡನ್‌ಗೆ ಹೊರಟ ವಿಮಾನ, ರಾತ್ರಿ. ಹತ್ತಾರು ಸೀಟಿನಲ್ಲಿ ಜನ ಇಲ್ಲ, ಬಟ್ಟೆ ಮಾತ್ರ ಕೂತ ಹಾಗೇ ಬಿದ್ದಿದೆ. ಆಂಟಿಕ್ರೈಸ್ಟ್ (ಕ್ರಿಸ್ತನ ವಿರೋಧಿ, ಕಥೆಯ ಖಳನಾಯಕ) ಯಾರು ಅಂತ ಮೊದಲೇ ಮೂರು ಪುಸ್ತಕ ಓದಿಕೊಂಡು ಬಂದವನಿಗೆ ಈ ದೃಶ್ಯ ಸಪ್ಪೆ.

ಇಂಗ್ಲಿಷ್ ಕಷ್ಟ ಇಲ್ಲ. ಚಿಕ್ಕ ವಾಕ್ಯ, ತುಂಬ ಸಂಭಾಷಣೆ. ತೊಡಕು ಬರೋದು ವಿಮಾನ, ಸೈನ್ಯದ ಪದಗಳಲ್ಲಿ. ಅವನ್ನ ದಾಟಿಕೊಂಡು ಹೋದರೂ ಕಥೆ ಕೈತಪ್ಪಲ್ಲ.

ಭದ್ರಾವತಿ ಬುಕ್‌ಶೆಲ್ಫ್:
ಮುಂದೆ ಕಥೆಯ ಗುಟ್ಟು ಇದೆ, ಬೇಡದವರು ಓದಬೇಡಿ.

ನಿಮ್ಮ ಹತ್ತಿರ ಇರೋದು ಹದಿನಾರು ವಾರ. ವಾರಕ್ಕೊಂದು ಪುಸ್ತಕ ಅಂದರೆ ದಿನಕ್ಕೆ 57 ಪುಟ, ಕಾಲೇಜು ಹುಡುಗರು ಮೂರನೇ ವಾರಕ್ಕೇ ಕೈಬಿಡ್ತಾರೆ. ಎರಡು ವಾರಕ್ಕೊಂದು ಇಟ್ಟುಕೊಳ್ಳಿ. 1, 2, 3, 5, 6, 7, ಕೊನೆಗೆ 12. ಏಳು ಪುಸ್ತಕಕ್ಕೆ ಹದಿನಾಲ್ಕು ವಾರ, ಪರೀಕ್ಷೆ ಅಡ್ಡ ಬಂದರೆ ಎರಡು ವಾರ ಕೈಲಿರುತ್ತೆ.

4 ಬಿಟ್ಟರೆ ತಪ್ಪಿಹೋಗೋದು ಮುಖ್ಯವಾಗಿ ಒಂದು ಎಳೆ: ಪೈಲಟ್ ರೇಫೋರ್ಡ್‌ನ ಎರಡನೇ ಹೆಂಡತಿ ಅಮಾಂಡಾ ದ್ರೋಹಿಯೋ ಅಲ್ಲವೋ ಅನ್ನೋದು. ಅವಳಿದ್ದ ವಿಮಾನ ಟೈಗ್ರಿಸ್ ನದಿಗೆ ಬಿದ್ದಿರುತ್ತೆ. ಅದನ್ನ ಒಬ್ಬರು ಐದು ನಿಮಿಷದಲ್ಲಿ ಹೇಳಿಬಿಡಬಹುದು. 5ರಲ್ಲಿ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 9ನೇ ಅಧ್ಯಾಯದ ಮಿಡತೆಗಳು ಬರ್ತವೆ, ಐದು ತಿಂಗಳು ಕುಟುಕ್ತವೆ, ಯಾರೂ ಸಾಯೋ ಹಾಗಿಲ್ಲ. ಭಯಾನಕ ಬರವಣಿಗೆ ಅಂದರೆ ಇಡೀ ಸರಣಿಯಲ್ಲಿ ಅದೇ. 6 ಮತ್ತು 7 ಜೋಡಿ, ಬಿಡಿಸಬೇಡಿ. ಆರರ ಕೊನೆಗೆ ಆಂಟಿಕ್ರೈಸ್ಟ್ ಆದ ಕಾರ್ಪಾಥಿಯಾ ಕೊಲೆಯಾಗ್ತಾನೆ, ಏಳರಲ್ಲಿ ಮೂರನೇ ದಿನ ಎದ್ದು ಕೂರ್ತಾನೆ. ಏಳು ವರ್ಷದ ಕಥೆಯ ನಟ್ಟನಡು ಅದು.

8ರಿಂದ 11ರವರೆಗೆ ಎಳೆದಿದ್ದಾರೆ, ಮುಚ್ಚುಮರೆ ಬೇಡ. ವಾರಪತ್ರಿಕೆ ಧಾರಾವಾಹಿ ಚೆನ್ನಾಗಿ ಓಡ್ತಿದೆ ಅಂತ ಸಂಪಾದಕರು 'ಇನ್ನೊಂದಿಪ್ಪತ್ತು ಕಂತು ಬರೀರಿ' ಅಂದ ಹಾಗಿದೆ. ಒಬ್ಬ ವಿಮಾನದಲ್ಲಿ, ಇನ್ನೊಬ್ಬ ಅಡಗುತಾಣದಲ್ಲಿ, ಇಬ್ಬರೂ ಫೋನಲ್ಲಿ. ಅದನ್ನೇ ನಾಲ್ಕು ಪುಸ್ತಕ. 12ಕ್ಕೆ ಹೋಗುವ ಮೊದಲು ನಾಲ್ಕು ವಿಷಯ ಗೊತ್ತಿದ್ದರೆ ಸಾಕು: ಮೃಗದ ಗುರುತು (ಆಂಟಿಕ್ರೈಸ್ಟ್‌ಗೆ ನಿಷ್ಠೆಯ ಗುರುತು) ಹಾಕಿಸಿಕೊಳ್ಳದವರಿಗೆ ಗಿಲೊಟಿನ್ ಅನ್ನೋ ತಲೆ ಕಡಿಯೋ ಯಂತ್ರ, ಜೆರುಸಲೇಮಿನ ದೇವಾಲಯದ ಅಪವಿತ್ರೀಕರಣ, ಜೋರ್ಡಾನಿನ ಪೆಟ್ರಾಕ್ಕೆ ಓಡಿಹೋದವರು ಬಾಂಬಿಗೂ ಬದುಕೋದು, ಹನ್ನೊಂದರಲ್ಲಿ ರೇಫೋರ್ಡ್‌ನ ಮಗಳು ಕ್ಲೋಯಿ ಮತ್ತು ಅಳಿಯ ಬಕ್ ಸಾವು.

ಲೆಕ್ಕದ ಎಡವಟ್ಟು ಒಂದಿದೆ, ಚರ್ಚೆಗೆ ಚೆನ್ನಾಗಿರುತ್ತೆ. ಪ್ರಕಟನೆ 6ರಂತೆ ನಾಲ್ಕರಲ್ಲಿ ಒಂದು ಪಾಲು ಸಾಯ್ತಾರೆ, ನೂರರಲ್ಲಿ ಉಳಿದದ್ದು 75. 9ರಂತೆ ಅದರಲ್ಲಿ ಮೂರರಲ್ಲಿ ಒಂದು ಪಾಲು, ಉಳಿದದ್ದು 50. ಅಂದರೆ ಅರ್ಧ ಜಗತ್ತು ಖಾಲಿ. ಆದರೂ ಕಾದಂಬರಿಯಲ್ಲಿ ಪೆಟ್ರೋಲ್ ಸಿಗುತ್ತೆ, ವಿಮಾನ ಹಾರುತ್ತೆ, ಫೋನಿಗೆ ಸಿಗ್ನಲ್ ಇರುತ್ತೆ. ಆಗುಂಬೆ ಘಾಟಿಯಲ್ಲಿ ಒಂದು ಮರ ಬಿದ್ದರೆ ಇಡೀ ದಿನ ಬಸ್ ಇರಲ್ಲ ನಮಗೆ! ಅದಕ್ಕಿಂತ ದೊಡ್ಡ ದೋಷ ಮಕ್ಕಳದ್ದು. ಮೊದಲ ಪುಸ್ತಕದಲ್ಲಿ ಜಗತ್ತಿನ ಎಳೆ ಮಕ್ಕಳೆಲ್ಲ ಮಾಯ, ಹೊಟ್ಟೆಯೊಳಗಿನ ಕೂಸು ಸಹ. ಕೆಲವೇ ಅಧ್ಯಾಯ ಕಳೆಯೋದರೊಳಗೆ ಕಥೆ ವಿಶ್ವಸಂಸ್ಥೆಯ ರಾಜಕೀಯಕ್ಕೆ ಹೋಗಿರುತ್ತೆ. ಖಾಲಿ ತೊಟ್ಟಿಲ ಮುಂದೆ ಕೂತ ತಾಯಿಗೆ ಲೇಖಕರ ಹತ್ತಿರ ಪುಟವೇ ಇಲ್ಲ.

ಗಾಜನೂರು:
ಕ್ಯಾಥೊಲಿಕ್ ಸ್ನೇಹಿತರ ಬಗ್ಗೆ ಕೇಳಿದ್ರಲ್ಲ. ಹೌದು, ಮುಜುಗರ ಇದೆ. ಹೊಸ ಪೋಪ್ ಮಾಯವಾದವರಲ್ಲಿ ಒಬ್ಬರು ಅಂತ ತೋರಿಸ್ತಾರೆ, ಆದರೆ ಆ ಪೋಪ್ ಲೂಥರ್ ಥರದ ಮಾತಾಡ್ತಿದ್ದವರು ಅಂತಲೂ ಸೇರಿಸ್ತಾರೆ. ಉಳಿದುಹೋದ ಕಾರ್ಡಿನಲ್ ಮ್ಯಾಥ್ಯೂಸ್ ಎಲ್ಲ ಧರ್ಮ ಕಲಸಿದ ಜಾಗತಿಕ ಮತಕ್ಕೆ ಮುಖ್ಯಸ್ಥ ಆಗ್ತಾರೆ. ಮೊದಲೇ ಹೇಳಿ ಕರೆಯಿರಿ.

ಅದಕ್ಕಿಂತ ಮುಖ್ಯ, ಈ ಕಥೆಯ ನೀಲನಕ್ಷೆ ಎಲ್ಲ ಕ್ರೈಸ್ತರದ್ದಲ್ಲ. ಮೊದಲು ಗುಟ್ಟಾಗಿ ಸಭೆ, ಅಂದರೆ ನಂಬಿದವರೆಲ್ಲ, ಸ್ವರ್ಗಕ್ಕೆ ಎತ್ತಲ್ಪಡುತ್ತೆ, ಆಮೇಲೆ ಏಳು ವರ್ಷ ಸಂಕಟ, ಆಮೇಲೆ ಕ್ರಿಸ್ತನ ಬಹಿರಂಗ ಬರೋಣ (ಮರಳಿ ಬರೋದು). ಈ ಕ್ರಮವನ್ನ ಹರಡಿದವರಲ್ಲಿ ಮುಖ್ಯರು 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ, ಮನೆಮನೆಗೆ ಮುಟ್ಟಿಸಿದ್ದು 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್. ಕ್ಯಾಥೊಲಿಕ್ ಧರ್ಮೋಪದೇಶದ 676ನೇ ಪರಿಚ್ಛೇದ ಸಾವಿರ ವರ್ಷದ ಭೂರಾಜ್ಯದ ಕಲ್ಪನೆಯನ್ನ ನೇರವಾಗಿ ತಳ್ಳಿಹಾಕುತ್ತೆ. ವಿಶ್ವಾಸ ಪ್ರಮಾಣದಲ್ಲಿ ಪ್ರತಿ ಭಾನುವಾರ ನಾವು ಹೇಳೋದು ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸಲು ಬರೋ ಒಂದೇ ಬರೋಣ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪ್ರೊಟೆಸ್ಟೆಂಟರೂ ಅದನ್ನೇ ಹೇಳ್ತಾರೆ.

ಸರಣಿಯ ಹೆಸರಿಗೆ ಹೊಂದೋ ವಚನ ಮತ್ತಾಯ 24:40, ಹೊಲದಲ್ಲಿದ್ದ ಇಬ್ಬರಲ್ಲಿ ಒಬ್ಬನನ್ನ ತೆಗೆದುಕೊಂಡು ಒಬ್ಬನನ್ನ ಬಿಡೋದು. ಅದರ ಹಿಂದಿನ ವಚನ ಓದಿ: ನೋಹನ ಕಾಲದಲ್ಲಿ ಜಲಪ್ರಳಯ ಬಂದು ಬಡಿದುಕೊಂಡು ಹೋದದ್ದು ಕೆಟ್ಟವರನ್ನ, ಉಳಿದದ್ದು ನೋಹ. ಹಾಗಾದರೆ 'ಬಿಡಲ್ಪಟ್ಟವನು' ಶಿಕ್ಷೆ ತಪ್ಪಿಸಿಕೊಂಡವನಾಗಬಾರದೇಕೆ? ಒಂದು ಸಂಜೆ ಇದಕ್ಕೇ ಇಡಿ.

ಹೊಸನಗರ ಬ್ರದರ್:
ಗಾಜನೂರು ಅವರೇ, ಡಾರ್ಬಿ ಹೇಳಿದ್ದು ಅನ್ನೋ ಒಂದೇ ಕಾರಣಕ್ಕೆ ತಪ್ಪಾಗಲ್ಲ. 1 ಥೆಸಲೋನಿಕ 4:17ರಲ್ಲಿ ಮೇಘಗಳಲ್ಲಿ ಒಯ್ಯಲ್ಪಡುವ ಮಾತು ಸ್ಪಷ್ಟವಾಗೇ ಇದೆ. ಪೆಂತೆಕೊಸ್ತ್ ಸಭೆಗಳಲ್ಲಿ ನಾವು ನಂಬೋದು ಆ ವಚನವನ್ನ, ಕಾದಂಬರಿಯನ್ನಲ್ಲ. ಆದರೆ ಒಂದು ಮಾತು ಒಪ್ಪಬೇಕು: 4:17 'ಯಾವಾಗ' ಅಂತ ಹೇಳಲ್ಲ. ಏಳು ವರ್ಷ ಬರೋದು ದಾನಿಯೇಲ 9:27ರ ಕೊನೆಯ 'ವಾರ'ದಿಂದ (ಒಂದು ದಿನಕ್ಕೆ ಒಂದು ವರ್ಷ ಅಂತ ಲೆಕ್ಕ), ಎರಡನ್ನೂ ಹೊಲಿಯೋದು ವ್ಯಾಖ್ಯಾನ. ಹುಡುಗರಿಗೆ ಆ ಹೊಲಿಗೆ ಕಾಣೋ ಹಾಗೆ ಓದಿಸಿ. ಇಲ್ಲದಿದ್ದರೆ ಕಾಲಜ್ಞಾನದವರ ಹಾಗೆ ಪ್ರತಿ ಸುದ್ದಿಗೂ ಒಂದೊಂದು ವಚನ ಅಂಟಿಸಿಕೊಂಡು ಕೂರ್ತಾರೆ. ಆಧಾರ್ ಬಂದಾಗ ಅದೇ ಮೃಗದ ಸಂಖ್ಯೆ 666 ಅಂದವರು ಕಡಿಮೆಯೇನಲ್ಲ.

ಸಾಗರದ ಓದುಗ:
ತುಂಬಾ ಉಪಕಾರ. ಪುಸ್ತಕದ ಬದಲು ಸಿನಿಮಾ ತೋರಿಸಿದರೆ ನಡೆಯುತ್ತಾ? ಅರ್ಧ ಜನ ಅದನ್ನೇ ಕೇಳ್ತಿದ್ದಾರೆ.

ಭದ್ರಾವತಿ ಬುಕ್‌ಶೆಲ್ಫ್:
2000ದ್ದು ಕಿರ್ಕ್ ಕ್ಯಾಮರಾನ್ ಇರೋದು, 2014ರದ್ದು ನಿಕೋಲಸ್ ಕೇಜ್ ಇರೋದು. ಎರಡನೆಯದು ಬಹುಪಾಲು ವಿಮಾನದೊಳಗೇ ಮುಗಿಯುತ್ತೆ, ಕಾರ್ಪಾಥಿಯಾ ಇಲ್ಲ, ನಿಮ್ಮ ಚರ್ಚೆಗೆ ಏನೂ ಸಿಗಲ್ಲ. ತೋರಿಸಲೇಬೇಕಿದ್ದರೆ 2000ದ್ದು, ಅದೂ ಮೊದಲ ಪುಸ್ತಕ ಮುಗಿದ ಮೇಲೆ.

ಮೊದಲ ಪುಸ್ತಕದಲ್ಲಿ ಒಂದು ದೃಶ್ಯ ಮಾತ್ರ ಜೋರಾಗಿ ಓದಿಸಿ: ಪಾಸ್ಟರ್ ತಾವು ಮಾಯವಾದ ಮೇಲೆ ಉಳಿದವರು ನೋಡಲಿ ಅಂತ ಮೊದಲೇ ಮಾಡಿಟ್ಟ ವಿಡಿಯೋ ಕ್ಯಾಸೆಟ್. ಹೆಂಡತಿ, ಮಗನನ್ನ ಕಳೆದುಕೊಂಡ ರೇಫೋರ್ಡ್ ಅದನ್ನ ಮನೆಗೆ ತಂದು ನೋಡ್ತಾನೆ. ಈಗಿನ ಹುಡುಗರಿಗೆ ಆ ಕ್ಯಾಸೆಟ್ ಓಡಿಸೋ ವಿಸಿಆರ್ ಅಂದರೇನು ಅಂತ ಮಾತ್ರ ಮೊದಲೇ ಹೇಳಿಬಿಡಿ.