ಬಿದ್ರಿ ಡಬ್ಬಿಯ ಕಾರ್ಡಿಗೆ ಮೂರು ಇಂಗ್ಲಿಷ್ ಸಾಲು: 'ಸಿನ್ಸ್ ಲಾಂಗ್' ಅನ್ನೋದು ತಪ್ಪಾ?

ಪ್ರಶ್ನೆ: ಬಿದ್ರಿ ಕೆಲಸದವನು, ಬೀದರ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ. ಮುತ್ಯಾ, ಅಂದರೆ ಅಜ್ಜ, ಮಾಡುತ್ತಿದ್ದರು, ಅಪ್ಪ ಮಾಡುತ್ತಾರೆ, ಈಗ ಅವರ ಪಕ್ಕದಲ್ಲಿ ನಾನೂ ಕೂರುತ್ತೇನೆ. ಇತ್ತೀಚೆಗೆ ದೂರದ ಊರಿನ ಗಿರಾಕಿಗಳು ಜಾಸ್ತಿಯಾಗಿದ್ದಾರೆ. ಅದಕ್ಕೆ ಪ್ರತಿ ಡಬ್ಬಿಯೊಳಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಕಾರ್ಡ್ ಇಡಬೇಕು ಅಂತ ಮಾಡಿದ್ದೇನೆ. ನಾನೇ ಕೂತು ಮೂರು ಸಾಲು ಬರೆದೆ.

'ಅವರ್ ಫ್ಯಾಮಿಲಿ ಈಸ್ ಡೂಯಿಂಗ್ ಬಿದ್ರಿ ವರ್ಕ್ ಸಿನ್ಸ್ ಲಾಂಗ್.'
'ದ ಶೈನ್ ವಿಲ್ ನಾಟ್ ಗೋ ಫಾರ್ ಲಾಂಗ್.'
'ಡೋಂಟ್ ಕೀಪ್ ಇಟ್ ಇನ್ ವಾಟರ್ ಫಾರ್ ಲಾಂಗ್.'

ಕಲಬುರಗಿಯಲ್ಲಿ ಓದುವ ತಂಗಿಗೆ ಫೋಟೋ ಕಳಿಸಿದೆ. ಮೊದಲ ಎರಡು ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದಳು. ಮೂರನೆಯದು ಮಾತ್ರ ಸರಿ ಅಂತೆ. ಯಾಕೆ ಅಂದರೆ 'ಅದು ಹಂಗೇ ಅದ ಅಣ್ಣಾ' ಅಂದಳು. ಎರಡನೇ ಸಾಲಿನಲ್ಲೂ ಮೂರನೇ ಸಾಲಿನಲ್ಲೂ ಇರುವುದು ಅದೇ 'ಫಾರ್ ಲಾಂಗ್' ಅಲ್ವಾ? ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಹೇಗಾಗುತ್ತದೆ?

ಇನ್ನೊಂದು ಮಾತು. 'ಸ್ಲೋ' ಇದ್ದದ್ದು 'ಸ್ಲೋಲಿ' ಆಗುತ್ತದೆ. 'ಲಾಂಗ್' ಯಾಕೆ 'ಲಾಂಗ್ಲಿ' ಆಗುವುದಿಲ್ಲ?

ಸಣ್ಣ ಕಾರ್ಡಿಗೆ ಇಷ್ಟೊಂದು ಯಾಕೆ ಅನ್ನಬೇಡಿ. ಒಂದು ಹೂದಾನಿಯ ಮೇಲೆ ಬಳ್ಳಿ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ಬಡಿದು ಕೂರುವಷ್ಟರಲ್ಲಿ ದಿನಗಟ್ಟಲೆ ಹೋಗುತ್ತದೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿಗೆ ಇಳಿಸಿದಾಗ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಂಥ ಕೆಲಸದ ಜೊತೆ ತಪ್ಪು ಸಾಲು ಹೋಗಬಾರದು ಅನ್ನೋದು ನನ್ನಾಸೆ.

ಉತ್ತರ 1: ಯಾದಗಿರಿಯಿಂದ ಒಬ್ಬಳು

ಅಣ್ಣಾ, 'ಸಿನ್ಸ್ ಲಾಂಗ್' ನಮ್ಮ ಕಚೇರಿಗಳಲ್ಲಿ ದಿನಾ ಬರೆಯುತ್ತಾರೆ. 'ಪೆಂಡಿಂಗ್ ಸಿನ್ಸ್ ಲಾಂಗ್' ಅಂತ ಎಷ್ಟು ಫೈಲಿನ ಮೇಲೆ ನೋಡಿದ್ದೇನೋ. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಹೊರಗಿನವರ ಕೈಗೆ ಹೋಗುವ ಕಾರ್ಡ್ ಅಂದಮೇಲೆ ತಿದ್ದುವುದೇ ಒಳ್ಳೆಯದು.

ನಾನು ಒಂದು ಉಪಾಯ ಇಟ್ಟುಕೊಂಡಿದ್ದೇನೆ. 'ಯಾವಾಗಿನಿಂದ' ಅಂತ ಕೇಳಿದರೆ ಬರುವ ಉತ್ತರಕ್ಕೆ 'ಸಿನ್ಸ್'. 'ಎಷ್ಟು ದಿನ' ಅಂತ ಕೇಳಿದರೆ ಬರುವ ಉತ್ತರಕ್ಕೆ 'ಫಾರ್'. 'ಲಾಂಗ್' ಅನ್ನೋದು ಯಾವಾಗಿನಿಂದ ಅನ್ನೋದಕ್ಕೆ ಉತ್ತರ ಅಲ್ಲ, ನೋಡಿ.

ಉತ್ತರ 2: ನಿವೃತ್ತ ಇಂಗ್ಲಿಷ್ ಮಾಸ್ತರ್, ಕಲಬುರಗಿ

ಯಾದಗಿರಿ ತಂಗಿಯ ಉಪಾಯ ಚೆನ್ನಾಗಿದೆ. ನಾವು ಅಲ್ಲಿ ಎಡವುವುದಕ್ಕೆ ಕಾರಣ ನಮ್ಮ 'ಇಂದ'. ಕನ್ನಡದಲ್ಲಿ '1956ರಿಂದ' ಅಂತೀವಿ, 'ಹತ್ತು ವರ್ಷದಿಂದ' ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ' ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು 'ಸಿನ್ಸ್', ಎರಡನೆಯದು 'ಫಾರ್'. ಗವಾನ್ ಮದ್ರಸಾ ನಿಮ್ಮ ಊರಿನದೇ, ಅದನ್ನೇ ತಗೊಳ್ಳಿ. ಕಟ್ಟಿ ಮುಗಿಸಿದ್ದು 1472ರಲ್ಲಿ. 'ಇಟ್ ಹ್ಯಾಸ್ ಸ್ಟುಡ್ ದೇರ್ ಸಿನ್ಸ್ 1472' ಅನ್ನಬಹುದು. 'ಇಟ್ ಹ್ಯಾಸ್ ಸ್ಟುಡ್ ದೇರ್ ಫಾರ್ ಮೋರ್ ದ್ಯಾನ್ ಫೈವ್ ಹಂಡ್ರೆಡ್ ಇಯರ್ಸ್' ಅಂತಲೂ ಅನ್ನಬಹುದು. ಸಂಗತಿ ಒಂದೇ. ಮೊದಲನೆಯದು ಶುರುವಾದ ದಿನ ತೋರಿಸುತ್ತದೆ, ಎರಡನೆಯದು ಉದ್ದ ಅಳೆಯುತ್ತದೆ.

ಆ ಎರಡರಲ್ಲೂ 'ಹ್ಯಾಸ್' ಇರುವುದನ್ನು ನೋಡಿ. ಹಿಂದೆ ಶುರುವಾಗಿ ಇವತ್ತಿಗೂ ನಡೆದಿದ್ದರೆ ಬರೀ 'ಈಸ್ ಡೂಯಿಂಗ್' ಸಾಲದು, 'ಹ್ಯಾಸ್ ಬೀನ್ ಡೂಯಿಂಗ್' ಬೇಕು. ಕನ್ನಡದಲ್ಲಿ 'ಮಾಡುತ್ತಿದ್ದೇವೆ' ಅಂದರೆ ಎರಡೂ ಬಂತು. ಅದಕ್ಕೇ ನನ್ನ ಕ್ಲಾಸಿನ ಹುಡುಗರು ಕೊನೇವರೆಗೂ ಈ ತಪ್ಪು ಬಿಡುತ್ತಿರಲಿಲ್ಲ. ಹುಡುಗರು ದಡ್ಡರಲ್ಲ, ಕನ್ನಡದ ದಾರಿಯೇ ಬೇರೆ.

ಇನ್ನು 'ಲಾಂಗ್'. ಇದು ಕ್ರಿಯೆಗೆ ಅಂಟಿಕೊಂಡು 'ಬಹಳ ಹೊತ್ತು' ಅನ್ನೋ ಅರ್ಥ ಕೊಡುವಾಗ ಪ್ರಶ್ನೆಯಲ್ಲಿ, 'ಇಲ್ಲ' 'ಬೇಡ' ಅನ್ನೋ ಮಾತಿನಲ್ಲಿ ಆರಾಮಾಗಿ ಕೂರುತ್ತದೆ. 'ಡಿಡ್ ಯೂ ವೇಟ್ ಲಾಂಗ್?' ಸರಿ. 'ಇಟ್ ವೋಂಟ್ ಟೇಕ್ ಲಾಂಗ್' ಸರಿ. ಆದರೆ ಸುಮ್ನೆ ಹೌದು ಅನ್ನೋ ಮಾತಿನಲ್ಲಿ 'ಇಟ್ ಟೇಕ್ಸ್ ಲಾಂಗ್' ಅಂದರೆ ಕಿವಿಗೆ ಒಗ್ಗುವುದಿಲ್ಲ. ಅಲ್ಲಿ 'ಇಟ್ ಟೇಕ್ಸ್ ಎ ಲಾಂಗ್ ಟೈಮ್' ಅನ್ನಬೇಕು. 'ಟೂ ಲಾಂಗ್', 'ಸೋ ಲಾಂಗ್', 'ಲಾಂಗ್ ಇನಫ್' ಆದರೆ ಹೌದು ಅನ್ನೋ ಮಾತಿನಲ್ಲೂ ನಡೆಯುತ್ತವೆ. ನಿಮ್ಮ ಮೂರನೇ ಸಾಲು 'ಬೇಡ' ಅನ್ನೋ ಮಾತು, ಆದ್ದರಿಂದ ಸರಿ.

ಎರಡನೇ ಸಾಲೂ 'ಇಲ್ಲ' ಅನ್ನೋ ಮಾತೇ, ಆದರೂ ತಪ್ಪು. ಇಲ್ಲಿ 'ನಾಟ್' ಹೋಗಿ ಹಿಡಿಯುವುದು 'ಫಾರ್ ಲಾಂಗ್' ಅನ್ನೋದನ್ನೇ. 'ವಿಲ್ ನಾಟ್ ಗೋ ಫಾರ್ ಲಾಂಗ್' ಅಂದರೆ ಹೊಳಪು ಹೋಗುತ್ತದೆ, ಆದರೆ ಹೋಗಿದ್ದು ಬಹಳ ದಿನ ಇರಲ್ಲ, ಬೇಗ ವಾಪಸ್ ಬರುತ್ತದೆ ಅಂತ ಓದಿಸಿಕೊಳ್ಳುತ್ತದೆ! ನೀವು ಹೇಳಬೇಕಿರುವುದು ಬಹಳ ದಿನ ಹೋಗುವುದಿಲ್ಲ ಅಂತ. ಅದಕ್ಕೆ 'ಫಾರ್ ಎ ಲಾಂಗ್ ಟೈಮ್' ಬೇಕು. ಬರೀ 'ಎ' ಮತ್ತು 'ಟೈಮ್' ಸೇರಿದರೆ ಅರ್ಥ ಇಷ್ಟು ತಿರುಗುತ್ತದೆ.

'ಲಾಂಗ್ಲಿ' ವಿಚಾರ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಲಾಂಗ್' ಅನ್ನೋ ಗುಣಪದಕ್ಕೆ ಕೊನೆಯಲ್ಲಿ ಒಂದು 'ಎ' ಸ್ವರ ಸೇರಿಸಿ ಕ್ರಿಯೆಗೆ ಅಂಟುವ ಪದ ಮಾಡುತ್ತಿದ್ದರು. ಮುಂದೆ ಆ ಸ್ವರ ಉದುರಿಹೋಯಿತು. ಎರಡೂ ಒಂದೇ ರೂಪಕ್ಕೆ ಬಂದವು. 'ಫಾಸ್ಟ್', 'ಹಾರ್ಡ್' ಕಥೆಯೂ ಇದೇ. ಹಾಗಾಗಿ 'ಲಾಂಗ್' ಮೊದಲಿಂದಲೂ ಆ ಕೆಲಸದಲ್ಲಿದೆ, 'ಲಿ' ಅನ್ನೋ ಬಾಲ ಬೇಕಾಗಲಿಲ್ಲ. 'ಡೈಲಿ', 'ಇಯರ್ಲಿ' ಅನ್ನೋದಕ್ಕೆ ಬಾಲ ಇದೆಯಲ್ಲ ಅಂತ ಕೇಳಬಹುದು. ಅವು ಎಷ್ಟು ಸಲ ಅಂತ ಹೇಳುತ್ತವೆ, ಎಷ್ಟು ಹೊತ್ತು ಅಂತ ಅಲ್ಲ.

ಬಿದ್ರಿ ಕೆಲಸದವನು, ಬೀದರ್

ಮಾಸ್ತರ್, ನಿಮಗೆ ತುಂಬಾ ಋಣಿ. ಎರಡನೇ ಸಾಲಿನ ಅರ್ಥ ಓದಿ ಎದೆ ಝಲ್ ಅಂತು. ಇದನ್ನೇ ಐನೂರು ಕಾಪಿ ಹಾಕಿಸೋನಿದ್ದೆ.

ನೀವು ಹೇಳಿದ್ದನ್ನು ಇಡೀ ದಿನ ತಲೆಯಲ್ಲಿಟ್ಟುಕೊಂಡು ತಂತಿ ಕೂರಿಸುತ್ತಿದ್ದೆ. ಆಗ ಒಂದು ಹೊಳೆಯಿತು. ನಮ್ಮಲ್ಲೂ ಈ ವ್ಯತ್ಯಾಸ ಇದೆ. 'ಅವನು ಬಹಳ ದಿನ ಮಾತಾಡಲಿಲ್ಲ' ಅಂದರೆ ಮುನಿಸು ಬಹಳ ದಿನ ನಡೆಯಿತು. 'ಅವನು ಬಹಳ ಹೊತ್ತೇನೂ ಮಾತಾಡಲಿಲ್ಲ' ಅಂದರೆ ಮಾತಾಡಿದ, ಸ್ವಲ್ಪ ಹೊತ್ತು. ಆ 'ಏನೂ' ಅನ್ನೋದೇ ನಮ್ಮ 'ನಾಟ್ ಫಾರ್ ಲಾಂಗ್' ಅಲ್ವಾ?

ಮತ್ತೆ, ನಮ್ಮಲ್ಲಿ ಹೊತ್ತು ಬೇರೆ, ದಿನ ಬೇರೆ, ಕಾಲ ಬೇರೆ. ಬಸ್ಸಿಗೆ 'ಬಹಳ ಹೊತ್ತು' ಕಾಯುತ್ತೇವೆ, ಸಂಬಂಧಿಕರನ್ನು 'ಬಹಳ ದಿನ' ನೋಡಿರುವುದಿಲ್ಲ. ಇಂಗ್ಲಿಷಿನ 'ಲಾಂಗ್' ಅರ್ಧ ತಾಸಿಗೂ ಅದೇ, ಅರ್ಧ ಆಯುಷ್ಯಕ್ಕೂ ಅದೇ. ಹಾಗಿದ್ದರೆ ನಮ್ಮ ಮನೆಯ ಕೆಲಸಕ್ಕೆ 'ಫಾರ್ ಎ ಲಾಂಗ್ ಟೈಮ್' ಅಂತ ಬರೆದರೆ ಓದಿದವರು ಎಷ್ಟು ಅಂತ ತಿಳಿಯಬೇಕು? ಹತ್ತು ವರ್ಷವೂ ಆಗಬಹುದು.

ಉತ್ತರ 3: ನಿವೃತ್ತ ಇಂಗ್ಲಿಷ್ ಮಾಸ್ತರ್, ಕಲಬುರಗಿ

'ಏನೂ' ಸರಿಯಾಗಿ ಹಿಡಿದಿರಿ. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಅದು ಹೊಳೆದಿರಲಿಲ್ಲ. ಇನ್ನು ಮೇಲೆ ಮೊಮ್ಮಕ್ಕಳಿಗೆ ಹೀಗೇ ಹೇಳಿಕೊಡುತ್ತೇನೆ.

ಎಷ್ಟು ಕಾಲ ಅಂತ ತಿಳಿಯಬೇಕಾದರೆ ಅಳತೆಯ ಪದವನ್ನೇ ಹಾಕಿ. 'ಫಾರ್ ಇಯರ್ಸ್', 'ಫಾರ್ ಡಿಕೇಡ್ಸ್', 'ಫಾರ್ ಸೆಂಚುರೀಸ್'. ಸಂಖ್ಯೆ ಹೇಳದಿದ್ದರೂ ಉದ್ದ ಗೊತ್ತಾಗುತ್ತದೆ. ನಿಮ್ಮ ಮನೆಗೆ 'ಫಾರ್ ಜನರೇಶನ್ಸ್' ಸೂಕ್ತ. ನಮ್ಮ 'ತಲೆಮಾರಿನಿಂದ' ಅನ್ನೋದಕ್ಕೆ ಅದೇ ಹತ್ತಿರ.

ಉತ್ತರ 4: ಬೀದರ್ ಕೋಟೆ ತೋರಿಸುವವಳು

ನಾನೂ ಬೀದರಿನವಳೇ, ಪ್ರವಾಸಿಗರಿಗೆ ಕೋಟೆ ತೋರಿಸುತ್ತೇನೆ. ಮಾಸ್ತರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇ? 'ಹ್ಯಾಸ್' ಮತ್ತು 'ಬೀನ್' ನಡುವೆ ಇಟ್ಟರೆ ಹೌದು ಅನ್ನೋ ಮಾತಿನಲ್ಲೂ ಬರೀ 'ಲಾಂಗ್' ನಡೆಯುತ್ತದೆ. 'ಬೀದರ್ ಹ್ಯಾಸ್ ಲಾಂಗ್ ಬೀನ್ ನೋನ್ ಫಾರ್ ಬಿದ್ರಿ ವರ್ಕ್.' ಬಾಯಿಮಾತಿಗಿಂತ ಬರವಣಿಗೆಯಲ್ಲಿ ಇದು ಜಾಸ್ತಿ. ಊರಿನ ಬಗ್ಗೆ ಒಂದು ಸಾಲು ಹಾಕುವುದಾದರೆ ಇದನ್ನು ಹಾಕಿ.

ಬಿದ್ರಿ ಕೆಲಸದವನು, ಬೀದರ್

ಹಾಕಿದೆ ಅಕ್ಕಾ. ಕಾರ್ಡ್ ಈಗ ಹೀಗಿದೆ.

'ಬೀದರ್ ಹ್ಯಾಸ್ ಲಾಂಗ್ ಬೀನ್ ನೋನ್ ಫಾರ್ ಬಿದ್ರಿ ವರ್ಕ್. ಅವರ್ ಫ್ಯಾಮಿಲಿ ಹ್ಯಾಸ್ ಬೀನ್ ಡೂಯಿಂಗ್ ಇಟ್ ಫಾರ್ ಥ್ರೀ ಜನರೇಶನ್ಸ್. ಡೋಂಟ್ ಕೀಪ್ ಇಟ್ ಇನ್ ವಾಟರ್ ಫಾರ್ ಲಾಂಗ್. ರಬ್ ಇಟ್ ವಿತ್ ಎ ಲಿಟಲ್ ಆಯಿಲ್ ಅಂಡ್ ಇಟ್ ವಿಲ್ ಶೈನ್ ಫಾರ್ ಮೆನಿ ಇಯರ್ಸ್.'

ಸಂಜೆ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಉಳಿ ಕೆಳಗಿಟ್ಟು ಕೇಳಿಸಿಕೊಂಡರು. 'ಮೂರಲ್ಲೋ, ನಾಲ್ಕು. ನಮ್ಮ ಮುತ್ಯಾನೂ ಇದೇ ಕೆಲಸ ಮಾಡ್ತಿದ್ದ' ಅಂದರು. ನನಗೆ ಗೊತ್ತಿರಲಿಲ್ಲ. 'ಥ್ರೀ' ಹೊಡೆದು 'ಫೋರ್' ಮಾಡಿ ತಂಗಿಗೆ ಕಳಿಸಿದ್ದೇನೆ.