ಟೊರೊಂಟೊ ಫ್ಲ್ಯಾಟು, ಮುಳುಗಡೆ ಊರಿನ ಬಾಗಿಲು

ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ಹಳೇ ಊರಿನವರು'. ಆ ಹಳೇ ಊರು ಈಗ ತುಂಗಭದ್ರಾ ಡ್ಯಾಮಿನ ಹಿನ್ನೀರಿನಡಿ ಇದೆ. ಗುಂಪಿನ 43 ಜನರಲ್ಲಿ ಅದನ್ನು ಕಣ್ಣಾರೆ ಕಂಡವರು ಇಬ್ಬರೇ: ಮುನಿರಾಬಾದಿನ ದೊಡ್ಡಪ್ಪ ಮತ್ತು ಸಿಂಧನೂರಿನ ಅತ್ತೆ. ಉಳಿದವರು ಕೊಪ್ಪಳ, ಗಂಗಾವತಿ, ಮಾನ್ವಿ ಅಂತ ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ ಹರಡಿಕೊಂಡಿದ್ದೇವೆ. ಒಬ್ಬ ಹುಡುಗ ಮಾತ್ರ ಟೊರೊಂಟೊದಲ್ಲಿದ್ದಾನೆ.

ಹುಡುಗ ಅಂದೆ, ವಯಸ್ಸು 34. ನನ್ನ ಅಣ್ಣನ ಮಗ. ಅಲ್ಲಿನ ಕಾಯಂ ನಿವಾಸಿ ಪತ್ರ ಸಿಕ್ಕಿದೆ. ಹೊರದೇಶದವರು ಮನೆ ಕೊಳ್ಳಬಾರದು ಅಂತ ಕೆನಡಾ 2023ರಿಂದ ತಡೆ ಹಾಕಿದೆಯಲ್ಲ, ಅದು ಅವನಿಗೆ ಅಡ್ಡ ಬರುವುದಿಲ್ಲ. ಗುರುವಾರ ರಾತ್ರಿ ಅವನು ಗುಂಪಿಗೆ ಒಂದು ಫೋಟೊ ಹಾಕಿದ. ಹತ್ತನೇ ಮಹಡಿಯ ಬಾಲ್ಕನಿ. ಎದುರಿಗೆ ಒಂಟಾರಿಯೊ ಸರೋವರ, ದಡವೇ ಕಾಣದಷ್ಟು ನೀರು. ಕೆಳಗೆ ಬರೆದಿದ್ದ: 'ಇದನ್ನು ಕೊಳ್ಳೋಣ ಅಂತಿದ್ದೇನೆ. ಹೊಸದಲ್ಲ, ಒಬ್ಬರು ಇದ್ದು ಬಿಟ್ಟ ಕಾಂಡೊ, ಅಂದರೆ ಸ್ವಂತಕ್ಕೆ ಕೊಳ್ಳುವ ಫ್ಲ್ಯಾಟು. 600 ಚದರ ಅಡಿ. ಏನನ್ನಿಸುತ್ತೆ?' ಜೊತೆಗೆ ಒಂದು ಪಿಡಿಎಫ್.

ಫೋಟೊಗೆ 26 ಹೃದಯ ಬಿದ್ದವು. ಪಿಡಿಎಫ್ ಯಾರೂ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ 10:40ಕ್ಕೆ ದೊಡ್ಡಪ್ಪ ಒಂದು ವಿಡಿಯೊ ಕಳಿಸಿದರು. ಹೆದ್ದಾರಿಯ ಮೇಲೆ ಕಂದು ನೀರು, ಕಿಟಕಿ ಮಟ್ಟಕ್ಕೆ ಮುಳುಗಿದ ಕಾರುಗಳು. ಮೇಲೆ 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಅನ್ನುವ ಜೋಡಿ ಬಾಣ. ಕೆಳಗೆ ಯಾರೋ ಬರೆದ ಸಾಲು: 'ನಿನ್ನೆ ಟೊರೊಂಟೊ ನಗರ ಮುಳುಗಿತು, ನೀರಿನ ಪಕ್ಕದ ಮನೆಗಳು ಖಾಲಿ.' ಅದರ ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: 'ನಾನು ಹೇಳಿದರೆ ಯಾರು ಕೇಳ್ತೀರಿ.'

ಅವರು ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸುಮ್ಮನಿರಲಾಗಲಿಲ್ಲ. ಹುಡುಕಿದೆ. ಅದು ಟೊರೊಂಟೊದ್ದೇ ವಿಡಿಯೊ, ಸುಳ್ಳಲ್ಲ. ಆದರೆ ನಿನ್ನೆಯದಲ್ಲ, 2024ರ ಜುಲೈ 16ರದ್ದು. ಅವತ್ತು ವಿಮಾನ ನಿಲ್ದಾಣದ ಮಾಪನದಲ್ಲಿ ಸುಮಾರು 98 ಮಿಲಿಮೀಟರ್ ಮಳೆ. ಡಾನ್ ನದಿ ಉಕ್ಕಿ ಪಕ್ಕದ ಹೆದ್ದಾರಿ ಮುಳುಗಿತ್ತು, ಯೂನಿಯನ್ ಸ್ಟೇಷನ್ನಿಗೂ ನೀರು ನುಗ್ಗಿತ್ತು. ಇಷ್ಟನ್ನು ಚೊಕ್ಕಟವಾಗಿ ಬರೆದು, 'ಫಾರ್ವರ್ಡ್ ಮಾಡುವ ಮುಂಚೆ ತಾರೀಕು ನೋಡೋಣ ಅಲ್ವಾ' ಅಂತ ಸೇರಿಸಿದೆ. ಆ ಕೊನೆಯ ಸಾಲು ಬೇಕಿರಲಿಲ್ಲ.

ಒಂದು ನಿಮಿಷದೊಳಗೆ ಗಂಗಾವತಿ ಮಾವನ ಉತ್ತರ ಬಂತು. ಬರೀ ಒಂದು ಅಂಕಿ.

'19'

ಆಮೇಲೆ ಅವರ ಮಗನಿಂದ '19'. ಆಮೇಲೆ ಮಾನ್ವಿಯಿಂದ ಒಂದು '19', ನಗುವ ಮುಖದ ಜೊತೆ.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ಡ್ಯಾಮಿನ ಪಕ್ಕದಲ್ಲೇ ಇರುವ ದೊಡ್ಡಪ್ಪ ಆ ರಾತ್ರಿಯೇ ಗುಂಪಿಗೆ ಸುದ್ದಿ ಹಾಕಿದರು. ನಾನು ನಿದ್ದೆಗಣ್ಣಲ್ಲಿ ಉತ್ತರ ಕೊಟ್ಟಿದ್ದೆ: 'ಇಂಥದ್ದೆಲ್ಲ ಹಬ್ಬಿಸಬೇಡಿ. ಮೂಲ ಎಲ್ಲಿ?' ಬೆಳಿಗ್ಗೆ ಏಳುವಷ್ಟರಲ್ಲಿ ಎಲ್ಲ ಟಿವಿಯಲ್ಲೂ ಅದೇ. ಮೂಲ ನಮ್ಮ ದೊಡ್ಡಪ್ಪನ ಮನೆಯ ಮಾಳಿಗೆಯೇ ಆಗಿತ್ತು. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಮುಚ್ಚಿದರು, ನೀರು ಉಳಿಯಿತು. ನನ್ನ ಮಾನ ಉಳಿಯಲಿಲ್ಲ. ಅಂದಿನಿಂದ ನಾನು ಏನೇ ಪುರಾವೆ ಕೇಳಲಿ, ಗುಂಪಿನಲ್ಲಿ ಯಾರಾದರೊಬ್ಬರು 19 ಒತ್ತುತ್ತಾರೆ.

ಅಲ್ಲಿಗೆ ವಿಡಿಯೊದ ತಾರೀಕಿನ ಮಾತು ಮುಗಿಯಿತು.

ದೊಡ್ಡಪ್ಪ ಈಗ ಉಪದೇಶಕ್ಕೆ ಇಳಿದರು. ಅವರು ಟೈಪ್ ಮಾಡುವುದಿಲ್ಲ, ಧ್ವನಿ ಸಂದೇಶ ಬಿಡುತ್ತಾರೆ. ಅದರಲ್ಲಿ ಮೊದಲ ಹತ್ತು ಸೆಕೆಂಡು ಕೆಮ್ಮು. 'ಮನೆ ಕಟ್ಟಿ ನೋಡು ಅಂದರು ಹಿರಿಯರು. ಇನ್ನೊಬ್ಬರು ಬಿಟ್ಟುಹೋದ ಮನೆ ಕೊಂಡು ನೋಡು ಅಂದಿಲ್ಲ. ಅಷ್ಟು ಚಂದದ ಮನೆ ಅವರು ಯಾಕೆ ಬಿಟ್ಟರು? ಅದನ್ನು ಕೇಳಿ ಮೊದಲು. ನೀರಿನ ಪಕ್ಕ ನಮಗೆ ಆಗಿಬರುವುದಿಲ್ಲ. ನಮ್ಮ ವಂಶಕ್ಕೇ ಆಗಿಬಂದಿಲ್ಲ.'

ಗಂಗಾವತಿ ಮಾವ ಅಕ್ಕಿ ವ್ಯಾಪಾರದವರು. ಅವರಿಗೆ ನೀರಿಗಿಂತ ರೇಟು ಮುಖ್ಯ. '2022ರಲ್ಲಿ ಅಲ್ಲಿ ರೇಟು ತಲೆ ಮೇಲೆ ಕೂತಿತ್ತು. ಆಮೇಲೆ ಬಡ್ಡಿ ಏರಿಸಿದರು, ಕಾಂಡೊ ಕೇಳುವವರಿಲ್ಲ. ಬಿದ್ದಾಗ ಹಿಡಿಯಬೇಕು. ಬತ್ತ ಇರಲಿ, ಮನೆ ಇರಲಿ.' ಇದು ನಿಜವೇ. ಅಲ್ಲಿನ ಕೇಂದ್ರ ಬ್ಯಾಂಕು 2022ರ ಆರಂಭದಲ್ಲಿ ಕಾಲು ಪರ್ಸೆಂಟ್ ಇದ್ದ ದರವನ್ನು 2023ರ ಜುಲೈ ಹೊತ್ತಿಗೆ 5ಕ್ಕೆ ತಂದಿತ್ತು. ಬಾಡಿಗೆಗೆ ಬಿಡಲೆಂದೇ ಕಾಂಡೊ ಕೊಂಡವರಿಗೆ ಕಂತು ಕಟ್ಟುವುದೇ ಕಷ್ಟವಾಯಿತು. ಆಮೇಲೆ ದರ ಇಳಿಸಿದರೂ ಹಳೆಯ ಬೆಲೆ ಮರಳಿಲ್ಲ. ಮಾವ ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. 'ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ನಾನು ಒಂದು ಸೈಟು ತೋರಿಸಿದ್ದೆ. ಎಲ್ಲ ಸೇರಿ ತಗೊಳ್ಳೋಣ ಅಂದೆ. ಕಲ್ಲು ಬಿಟ್ಟರೆ ಅಲ್ಲಿ ಏನಿದೆ ಅಂತ ಯಾರು ಅಂದರು, ಅವರಿಗೇ ಗೊತ್ತು' ಅಂತ ಬರೆದರು.

ಯಾರು ಅಂದರು ಅನ್ನುವುದು 43 ಜನರಿಗೂ ಗೊತ್ತು. ದೊಡ್ಡಪ್ಪನ ಮಗಳು ಕೊಪ್ಪಳದಿಂದ ಬಂದಳು: 'ಅವತ್ತು ಕೈಯಲ್ಲಿ ದುಡ್ಡಿರಲಿಲ್ಲ. ಯಾಕಿರಲಿಲ್ಲ ಅಂತಲೂ ಹೇಳಿ ಮಾವ.' ಮಾವ ಟೈಪ್ ಮಾಡುತ್ತಿದ್ದಾರೆ ಅಂತ ಬಹಳ ಹೊತ್ತು ತೋರಿಸಿತು. ಕೊನೆಗೆ ಬಂದದ್ದು ಒಂದು ಕೈಮುಗಿದ ಚಿತ್ರ.

ಈ ಗಲಾಟೆಯೆಲ್ಲ ನಡೆಯುವಾಗ ಟೊರೊಂಟೊದಲ್ಲಿ ನಡುರಾತ್ರಿ. ಹುಡುಗ ಎದ್ದಾಗ 140 ಸಂದೇಶ ಬಿದ್ದಿದ್ದವು. ಪಾಪ, ಒಂದೊಂದಕ್ಕೂ ಉತ್ತರ ಕೊಡಲು ಕೂತ.

ಮನೆ ಇರುವುದು ಈಸ್ಟ್ ಬೇಫ್ರಂಟ್ ಅನ್ನುವ ಕಡೆ. ಮೊದಲು ಅದು ಹಡಗು ನಿಲ್ಲುವ ಬಂದರು, ಗೋದಾಮುಗಳ ಜಾಗ. 2001ರಲ್ಲಿ ಮೂರು ಸರ್ಕಾರಗಳು, ಅಂದರೆ ದೇಶ, ಪ್ರಾಂತ್ಯ, ನಗರ, ಸೇರಿ ಒಂದು ಸಂಸ್ಥೆ ಕಟ್ಟಿ ಆ ದಡವನ್ನೆಲ್ಲ ಹೊಸದಾಗಿ ಕಟ್ಟುತ್ತಿವೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಶುಗರ್ ಬೀಚ್ ಅಂತ ಒಂದು ಮರಳಿನ ಪಾರ್ಕು. ಎದುರಿಗೇ ಸಕ್ಕರೆ ಕಾರ್ಖಾನೆ ಇರುವುದಕ್ಕೆ ಆ ಹೆಸರು. ಗಾಳಿ ತಿರುಗಿದರೆ ಬಾಲ್ಕನಿಗೆ ಬೆಲ್ಲ ಕಾಯಿಸಿದ ವಾಸನೆ ಬರುತ್ತದಂತೆ. ರೈಲು ಬರುತ್ತೆ ಅಂತ ವರ್ಷಗಳಿಂದ ಹೇಳುತ್ತಲೇ ಇದ್ದಾರೆ, ಹಳಿ ಇನ್ನೂ ಬಿದ್ದಿಲ್ಲ. ಊರಿಗೂ ದಡಕ್ಕೂ ನಡುವೆ ಎತ್ತರದ ಮೇಲ್ಸೇತುವೆ ರಸ್ತೆ, ಅದರ ಸದ್ದು ಇದ್ದದ್ದೇ.

'ಪ್ರವಾಹದ ಭಯ ಅವರಿಗೂ ಇದೆ ಅಜ್ಜಾ' ಅಂತ ದೊಡ್ಡಪ್ಪನಿಗೆ ಬರೆದ. '1954ರಲ್ಲಿ ಹೇಜೆಲ್ ಅನ್ನುವ ಚಂಡಮಾರುತಕ್ಕೆ ಇಲ್ಲಿ 81 ಜನ ಸತ್ತರು. ಆಮೇಲೆ ನದಿ ಕಣಿವೆಯಲ್ಲಿ ಮನೆ ಕಟ್ಟುವುದನ್ನೇ ತಡೆದರು. ಈಗ 125 ಕೋಟಿ ಡಾಲರಿಗೂ ಜಾಸ್ತಿ ಸುರಿದು ಡಾನ್ ನದಿಗೆ ಸರೋವರ ಸೇರಲು ಹೊಸ ಬಾಯಿ ತೋಡಿದ್ದಾರೆ.'

'ನದಿ ತಿರುಗಿಸಿದರಾ?' ದೊಡ್ಡಪ್ಪ ಕೇಳಿದರು. 'ಯಾವ ಊರು ಮುಳುಗಿತು?'

'ಊರಿರಲಿಲ್ಲ ಅಜ್ಜಾ. ಹಳೆ ಕಾರ್ಖಾನೆ ಜಾಗ. ಅಸಲಿಗೆ ನಮ್ಮ ಬಿಲ್ಡಿಂಗ್ ಇರುವುದೂ ಮೊದಲು ಸರೋವರವೇ. ಮಣ್ಣು ತುಂಬಿ ನೆಲ ಮಾಡಿದ್ದು.'

'ಪುಣ್ಯವಂತರು' ಅಂದರು ದೊಡ್ಡಪ್ಪ. ಅಷ್ಟೇ.

ಆ ಒಂದು ಮಾತಿಗೆ ಸಿಂಧನೂರಿನ ಅತ್ತೆಗೆ ಏನಾಯಿತೋ, ನಾಲ್ಕು ನಿಮಿಷದ ಧ್ವನಿ ಸಂದೇಶ ಬಂತು. ಅತ್ತೆಗೆ 78. ಹಿಂದೆ ಎಲ್ಲೋ ಕುಕ್ಕರ್ ಕೂಗುವುದು ಕೇಳಿಸುತ್ತದೆ. 'ನಾ ಸಣ್ಣಾಕಿ ಇದ್ದೆ. ಬಂಡಿ ಮ್ಯಾಲ ಬಾಗಲಾ ಹೇರಿದ್ರು, ನಾ ಅದರ ಮ್ಯಾಲ ಕುಂತು ಬಂದೆ. ಹಿತ್ತಾಳಿ ಗುಬ್ಬಿ ತೊಡಿಗೆ ಚುಚ್ಚತಿದ್ವು.' ಡ್ಯಾಮಿಗೆ 1953ರಲ್ಲಿ ನೀರು ನಿಂತಿತಲ್ಲ, ಅದರ ಮುಂಚಿನ ಮಾತು. ಮನೆಯ ಗೋಡೆ ಬಿಟ್ಟು ಬಂದರು, ತೊಲೆ, ಬಾಗಿಲು, ಹೊಸ್ತಿಲು ಕಿತ್ತು ತಂದರು. ಅತ್ತೆ ಹುಣಸೆ ಮರಕ್ಕೆ ಹೋದರು, ಮಠದ ಬಾವಿಗೆ ಹೋದರು, ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಕೆಸರಲ್ಲಿ ಕಲ್ಲಿನ ಗೋಡೆ ತೋರಿಸಿದ ಅಪ್ಪನ ಬೆರಳಿಗೆ ಹೋದರು. ಎಲ್ಲರೂ ಅಳುವ ಮುಖ ಹಾಕಿದರು. ಸಂದೇಶದ ಕೊನೆಗೆ ಅತ್ತೆ ಕೇಳಿದರು: 'ಆ ಬಾಗಲಾ ಈಗ ಯಾರ ಮನ್ಯಾಗ ಐತಿ?'

ಇದು ಅಳುವ ಪ್ರಶ್ನೆಯಲ್ಲ. ಬಾಗಿಲು ದೊಡ್ಡಪ್ಪನ ಮನೆಯಲ್ಲಿದೆ, ಉಗ್ರಾಣಕ್ಕೆ ಹಾಕಿದ್ದಾರೆ. ಹೊಸ ಮನೆಯ ಚೌಕಟ್ಟು ಗಿಡ್ಡ ಅಂತ ಕೆಳಗಿನಿಂದ ಒಂದು ಗೇಣು ಕೊಯ್ಸಿದ್ದಾರೆ. ಹೇಳದೆ ಕೇಳದೆ ಕೊಯ್ಸಿದರು ಅನ್ನುವುದು ಅತ್ತೆಯ ದೂರು. ಅತ್ತೆಯ ಗೃಹಪ್ರವೇಶಕ್ಕೆ ದೊಡ್ಡಪ್ಪ ಬರದೇ ಇದ್ದದ್ದೂ, ದೊಡ್ಡಪ್ಪನ ಮಗಳ ಮದುವೆಯಲ್ಲಿ ಅತ್ತೆ ಊಟ ಮಾಡದೆ ಎದ್ದದ್ದೂ ಆ ಒಂದು ಗೇಣಿಗೇ. ಮುಂದಿನ ಒಂದೂವರೆ ಗಂಟೆ ಗುಂಪಿನಲ್ಲಿ ಟೊರೊಂಟೊ ಅನ್ನುವ ಪದವೇ ಬರಲಿಲ್ಲ.

ಹುಡುಗ ಮಧ್ಯೆ ಒಮ್ಮೆ ಸೂಕ್ಷ್ಮವಾಗಿ ಬರೆದ: 'ತಿಂಗಳ ಮೇಂಟೆನೆನ್ಸ್ 520 ಡಾಲರ್. ಇದು ಜಾಸ್ತಿಯಾ?'

ಯಾರೋ ಗುಣಿಸಿದರು. ಮೂವತ್ತು ಸಾವಿರದ ಮೇಲೆ. 'ಇದು ಬಾಡಿಗೆಯಾ?' ಅಂತ ಮಾನ್ವಿಯಿಂದ ಪ್ರಶ್ನೆ. 'ಅಲ್ಲ, ಸ್ವಂತ ಮನೆಗೆ.' 'ಸ್ವಂತ ಮನೆಗೆ ತಿಂಗಳಿಗೆ ಮೂವತ್ತು ಸಾವಿರ ಯಾರಿಗೆ ಕೊಡ್ತೀಯಪ್ಪ?' ಇಲ್ಲಿ ಮಾತು ಮತ್ತೆ ಹಳಿಗೆ ಬಂದೀತು ಅಂತ ನಾನು ಕಾದೆ. ದೊಡ್ಡಪ್ಪ, '30 ವರ್ಷದ ಇಸಿ ತೆಗೆಸು' ಅಂದರು, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ. ಬಿಲ್ಡಿಂಗಿಗೇ 7 ವರ್ಷ. ಗಂಗಾವತಿ ಮಾವ, ತಡೆದುಕೊಳ್ಳಲಾರದೆ, 'ನಮ್ಮ ನೆಲ ನೀರಾಯಿತು, ಇವನು ನೀರಿದ್ದ ನೆಲ ಕೊಳ್ತಿದ್ದಾನೆ, ಲೆಕ್ಕ ಸರಿಹೋಯಿತು ಬಿಡಿ' ಅಂದರು. ಬಾಗಿಲಿನ ಜಗಳ ಮುಂದುವರಿಯಿತು.

ರಾತ್ರಿ 9ಕ್ಕೆ ಕುಷ್ಟಗಿಯ ಚಿಕ್ಕಮ್ಮ ಬಂದರು. ಚಿಕ್ಕಮ್ಮ ಗುಂಪಿನಲ್ಲಿ ಮಾತಾಡುವುದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ. ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದು ರಿಟೈರ್ ಆದವರು. ಅವರು ಬರೆದದ್ದು ಇಷ್ಟು:

'ಪಿಡಿಎಫ್ ಓದಿದೆ. ಪುಟ 41 ನೋಡು. ನೆಲಮಾಳಿಗೆ ಪಾರ್ಕಿಂಗಿಗೆ ನೀರು ಸೋರುವುದನ್ನು ರಿಪೇರಿ ಮಾಡಬೇಕು ಅಂತಿದೆ. ಮೀಸಲು ನಿಧಿಯಲ್ಲಿ ಅಷ್ಟು ದುಡ್ಡಿಲ್ಲ. ಉಳಿದದ್ದನ್ನು ಮನೆಯವರ ಮೇಲೆ ಹಾಕುತ್ತಾರೆ. ಎಷ್ಟು ಅಂತ ವಕೀಲರ ಹತ್ತಿರ ಕೇಳಿಸು. ಅಷ್ಟನ್ನು ಬೆಲೆಯಲ್ಲಿ ಇಳಿಸಲು ಹೇಳು.'

ಗುರುವಾರದಿಂದ ಬಿದ್ದುಕೊಂಡಿದ್ದ ಆ ಪಿಡಿಎಫ್ ಅಂದರೆ ಸ್ಟೇಟಸ್ ಸರ್ಟಿಫಿಕೇಟ್. ಒಂಟಾರಿಯೊದಲ್ಲಿ ಬಳಸಿದ ಕಾಂಡೊ ಕೊಳ್ಳುವವರು ಮೊದಲು ನೋಡಬೇಕಾದ ಕಾಗದ ಅದೇ. 100 ಡಾಲರ್ ಶುಲ್ಕ ಕಟ್ಟಿದರೆ ಕಟ್ಟಡದ ಸಂಘ 10 ದಿನದೊಳಗೆ ಕೊಡಲೇಬೇಕು. ತಿಂಗಳ ಶುಲ್ಕ, ಬಾಕಿ, ಕೋರ್ಟು ಕೇಸು, ಮೀಸಲು ನಿಧಿ, ಎಲ್ಲ ಅದರಲ್ಲಿರುತ್ತದೆ. ಹೊಸ ಕಾಂಡೊ ಕೊಂಡವರಿಗೆ ಮನಸ್ಸು ಬದಲಾಯಿಸಲು 10 ದಿನ ಸಿಗುತ್ತದೆ. ಬಳಸಿದ್ದಕ್ಕೆ ಆ ಅನುಕೂಲ ಇಲ್ಲ, ಸಹಿ ಬಿದ್ದರೆ ಬಿತ್ತು. ಹಾಗಾಗಿ ಈ ಕಾಗದ ನೋಡಿದ ಮೇಲೆಯೇ ಪಕ್ಕಾ ಅಂತ ಷರತ್ತು ಹಾಕಿಕೊಳ್ಳುತ್ತಾರೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಚಿಕ್ಕಮ್ಮ ಬರೆದ ಮೇಲೆ. ತಾರೀಕು ಹುಡುಕಲು ಅರ್ಧ ಗಂಟೆ ಕೊಟ್ಟವಳು ನಾನು. ಪುಟ 41ರವರೆಗೆ ಹೋಗಲು ನನಗೆ ಬೆರಳು ಆಡಲಿಲ್ಲ.

ಚಿಕ್ಕಮ್ಮನ ಸಂದೇಶಕ್ಕೆ ಎರಡು ಹೆಬ್ಬೆಟ್ಟು ಬಿದ್ದವು. ಒಂದು ನನ್ನದು, ಒಂದು ಹುಡುಗನದು. ಅದರ ಕೆಳಗೇ ಯಾರೋ 'ಶುಭರಾತ್ರಿ' ಅಂತ ಗುಲಾಬಿ ಹಾಕಿದ್ದರಿಂದ ಅದು ಮೇಲೆ ಸರಿದುಹೋಯಿತು. ಹುಡುಗ ಆಮೇಲೆ ಚಿಕ್ಕಮ್ಮನಿಗೆ ನೇರ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದನಂತೆ. ಆ ಮಾತು ಗುಂಪಿಗೆ ಬರಲಿಲ್ಲ, ಒಳ್ಳೆಯದೇ ಆಯಿತು.

ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಒಂದು ಫೋಟೊ ಕಳಿಸಿದರು. ಫಾರ್ವರ್ಡ್ ಅಲ್ಲ, ಅವರೇ ತೆಗೆದದ್ದು. ಉಗ್ರಾಣದ ಬಾಗಿಲು. ಎರಡು ಸಾಲು ಹಿತ್ತಾಳೆ ಗುಬ್ಬಿ, ಮೂರನೇ ಸಾಲು ಇರಬೇಕಾದ ಕಡೆ ಗರಗಸದ ಗೆರೆ. ಪಕ್ಕದಲ್ಲಿ ಜೋಳದ ಚೀಲ, ಚೀಲದ ಮೇಲೆ ಅವರ ಕನ್ನಡಕ. ಹಿಂದೆಯೇ ಧ್ವನಿ ಸಂದೇಶ. ಹತ್ತು ಸೆಕೆಂಡು ಕೆಮ್ಮು. 'ಬೇಕಾದವರು ಬಂದು ಒಯ್ಯಿರಿ. ಸಿಂಧನೂರಿಗಾದರೂ ಸರಿ. ಆ ಹುಡುಗ ಮನೆ ಕೊಂಡರೆ ಟೊರೊಂಟೊಗಾದರೂ ಕಳಿಸುತ್ತೇನೆ.'

ಅತ್ತೆ ನೋಡಿದರು. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ಹುಡುಗ ಬರೆದ: 'ಇಲ್ಲಿ ಬಾಗಿಲು ಬದಲಿಸಲು ಕಟ್ಟಡದ ಬೋರ್ಡಿನ ಒಪ್ಪಿಗೆ ಬೇಕು ಅಜ್ಜಾ.'

'ಕೇಳಿ ಕೊಯ್ಯುವವರು' ಅಂತ ಅತ್ತೆ ಆಗ ಟೈಪ್ ಮಾಡಿದರು. 'ಒಳ್ಳೆ ಜನ. ತಗೋ ಆ ಮನೆ.'