ಅಜ್ಜಿಯ ಮಾತ್ರೆ ಡಬ್ಬಿ

ಸಣ್ಣಮಾವ: (ಹಲವು ಬಾರಿ ಫಾರ್ವರ್ಡ್ ಆದದ್ದು) ಎಲ್ಲರೂ ಓದಿ. ಮಾತ್ರೆ, ಔಷಧಿ ಎಲ್ಲ ಹೊಳೆ ಸೇರಿ ಮೀನಿನ ಮೈಯಲ್ಲಿ ತುಂಬಿದೆಯಂತೆ. ಇನ್ಮೇಲೆ ಹೊಳೆಮೀನು ಬಂದ್!!

ದೊಡ್ಡಮ್ಮ: ಅಯ್ಯೋ, ಬೆಳಿಗ್ಗೆ ತಾನೆ ಕಾಳಿ ಹೊಳೆಯ ಮೀನು, ಕದ್ರಾ ಕಡೆಯದು, ತಗೊಂಡೆ. ಸಾರು ಕುದಿಯುತ್ತಾ ಇದೆ. ಏನು ಮಾಡ್ಲಿ?

ನಾನು: ಕುದೀಲಿ ದೊಡ್ಡಮ್ಮ, ಊಟ ಮಾಡಿ. ಮಾವ, ಅದು ಪೂರ್ತಿ ಸುಳ್ಳಲ್ಲ. ಆದರೆ ಕಷ್ಟ ಮೊದಲು ಮೀನಿಗೆ.

ಭಾವ (ಶಿರಸಿ): ಕಾಳಿ ಎಷ್ಟು ದೊಡ್ಡ ಹೊಳೆ, ನಾಲ್ಕು ಮಾತ್ರೆಗೆ ಏನಾಗುತ್ತೆ? ಸದಾಶಿವಗಡದ ಸೇತುವೆ ಮೇಲೆ ನಿಂತು ನೋಡಿ, ಒಂದಾದರೂ ಸತ್ತು ತೇಲಿದೆಯಾ?

ನಾನು: ಭಾವ, ಸೇತುವೆ ಹತ್ತಿರ ಸಮುದ್ರದ ಉಪ್ಪುನೀರು, ಅದನ್ನ ಬಿಡಿ. ಇದರಿಂದ ಮೀನು ಸತ್ತು ತೇಲಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಕೆನಡಾದಲ್ಲಿ 2001ರಿಂದ 2003ರವರೆಗೆ ಒಂದು ಕೆರೆಗೆ ಬೇಕಂತಲೇ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಹಾಕಿ ನೋಡಿದರು. ಲೀಟರಿಗೆ 5–6 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಐದಾರು ಪಾಲು, ಅಷ್ಟೇ. ಬೆರಳುದ್ದದ ಫ್ಯಾಟ್‌ಹೆಡ್ ಮಿನ್ನೋ ಮೀನು, ಗಂಡಿನ ವೃಷಣದಲ್ಲೇ ಮೊಟ್ಟೆ. ಸಂತತಿ ನಿಂತೇಹೋಗೋ ಹಾಗಾಯ್ತು. ಹಾಕೋದು ನಿಲ್ಲಿಸಿ ವರ್ಷಗಳಾದ ಮೇಲೆ ಚೇತರಿಸಿಕೊಂಡವು.

ಅಕ್ಕ: ಗಂಡು ಮೀನಿಗೆ ಮೊಟ್ಟೆನಾ 😂

ಸಣ್ಣಮಾವ: ಛೀ, ಗ್ರೂಪಲ್ಲಿ ಮಕ್ಕಳಿದ್ದಾರೆ.

ನಾನು: ಸ್ವೀಡನ್ನಿನವರು 2013ರಲ್ಲಿ ಬರೆದಿದ್ದು ಇನ್ನೊಂದು. ಆತಂಕಕ್ಕೆ ಕೊಡೋ ಆಕ್ಸಜೆಪಾಮ್ ನೀರಲ್ಲಿದ್ದರೆ ಪರ್ಚ್ ಮೀನಿಗೆ ಧೈರ್ಯ ಜಾಸ್ತಿ ಆಗುತ್ತೆ, ಗುಂಪು ಬಿಟ್ಟು ಒಂದೊಂದೇ ತಿರುಗುತ್ತೆ. ಗುಂಪು ಬಿಟ್ಟ ಮೀನಿನ ಗತಿ ಏನು ಅಂತ ನಿಮಗೆ ಹೇಳಬೇಕಾ?

ಭಾವ (ಶಿರಸಿ): ಹಾಗಾದರೆ ನಾನು ಬಿಪಿ ಮಾತ್ರೆ ಬಿಡಬೇಕಾ?

ನಾನು: ಬಿಡಬೇಡಿ ಮಾರಾಯ್ರೆ. ನುಂಗಿದ್ದರಲ್ಲೂ ಸ್ವಲ್ಪ ಮೂತ್ರದಲ್ಲಿ ಹೋಗೇ ಹೋಗುತ್ತೆ, ಅದಕ್ಕೆ ನಾವೇನೂ ಮಾಡೋಕಾಗಲ್ಲ. ನುಂಗದೆ ಉಳಿದದ್ದನ್ನ ಎಲ್ಲಿ ಹಾಕ್ತೀರಿ, ಅದನ್ನ ಕೇಳ್ತಿದ್ದೀನಿ.

ದೊಡ್ಡಮ್ಮ: ಅಜ್ಜಿ ಹೋದ ಮೇಲೆ ಆ ನೀಲಿ ಬಿಸ್ಕಿಟ್ ಡಬ್ಬಿ ಇತ್ತಲ್ಲ, ಮನೆ ತೊಳೆದ ದಿನ ಒಂದೊಂದೇ ಶೀಟು ಒತ್ತಿ ಒತ್ತಿ ಮಾತ್ರೆ ಎಲ್ಲ ಹಿತ್ತಲ ಹಳ್ಳಕ್ಕೆ ಸುರಿದೆ. ಬಿಳಿ, ಗುಲಾಬಿ, ಹಳದಿ. ತಿಂಡಿ ಅಂತ ಮೀನುಮರಿ ಓಡಿ ಬಂದವು ಕಣೋ.

ಸಣ್ಣಮಾವ: ಅಕ್ಕನ್ನ ಯಾಕೆ ಹೆದರಿಸ್ತೀಯ? ಸರಕಾರವೇ ಫ್ಲಶ್ ಮಾಡಿ ಅಂತ ಹೇಳಿದೆ.

ನಾನು: ಸರಕಾರದ 2025ರ ಆ ಫ್ಲಶ್ ಪಟ್ಟಿಯಲ್ಲಿರೋದು 17 ಔಷಧಿ ಮಾತ್ರ ಮಾವ. ತೀವ್ರ ನೋವಿಗೆ ಕೊಡೋ ಫೆಂಟನಿಲ್, ಮಾರ್ಫಿನ್ ತರಹದವು. ಮಗು ಕೈಗೆ ಸಿಕ್ಕರೆ ಜೀವ ಹೋಗುತ್ತೆ ಅಂತ. ಅಜ್ಜಿಯ ಬಿಪಿ, ಶುಗರ್ ಮಾತ್ರೆ ಅದರಲ್ಲಿಲ್ಲ.

ಅಕ್ಕ: ನಮ್ಮ ಮೆಡಿಕಲ್ ಶಾಪಿನವನಿಗೆ ಕೇಳಿದ್ದೆ. ಹಳೇದು ತಗೊಳ್ಳಲ್ಲ ಅಂದ. ಕೇರಳದ ಕೋಳಿಕ್ಕೋಡಲ್ಲಿ ವಾಪಸ್ ತಗೊಳ್ಳೋ ವ್ಯವಸ್ಥೆ ಶುರು ಮಾಡಿದ್ದಾರೆ, ಇಲ್ಲಿಂದ ಅಲ್ಲಿಗೆ ಹೋಗೋಕಾಗುತ್ತಾ?

ದೊಡ್ಡಮ್ಮ: ಡಬ್ಬಿ ತಳದಲ್ಲಿ ಇನ್ನೂ ಎರಡು ಶೀಟು ಇದೆ. ಎಲ್ಲಿಡಲಿ ಬೇಗ ಹೇಳು, ಸಾರು ಆರಿಹೋಯ್ತು.